ವೆಬ್ ಪೇಜಿನಲ್ಲಿದ್ದ ಅಮ್ಮನ ಫೋಟೋ

ಸ್ನೇಹಿತರೇ, ಇವತ್ತು ಅಮ್ಮನ ಫೋಟೋನೂ ಕಳ್ಕೊಂಡೆ. ಅಮ್ಮ ತೀರ್ಕೊಂಡ ಮೇಲೆ ನಾನೊಂದು ಸಣ್ಣ ವೆಬ್ ಪೇಜ್ ಮಾಡಿದ್ದೆ. ಅವಳ ಅಡುಗೆಗಳ ಟೇಬಲ್, ಕೇಳ್ತಿದ್ದ ಹಾಡುಗಳ ಲಿಂಕು, ಮೇಲ್ಗಡೆ ಕೈವಾರಕ್ಕೆ ಹೋದಾಗ ತೆಗೆದ ಅಮ್ಮನ ಫೋಟೋ. ಅಮ್ಮ ನಕ್ಕಿರೋ ಫೋಟೋ ಅದೊಂದೇ.

ಬೆಳಿಗ್ಗೆ ನನ್ನ ತಮ್ಮ ಲ್ಯಾಪ್‌ಟಾಪಲ್ಲಿದ್ದ ಬೇಡದ ಫೈಲುಗಳನ್ನೆಲ್ಲ ಕ್ಲೀನ್ ಮಾಡಿದ. ಆಮೇಲೆ ನಾನು ಪೇಜ್ ತೆಗೆದರೆ ಫೋಟೋ ಜಾಗದಲ್ಲಿ ಖಾಲಿ ಚೌಕ.

"ಫೋಟೋ ಏನ್ಮಾಡ್ದೋ?"

"ಪೇಜಿಗೆ ಹಾಕಿದ್ದೀಯಲ್ಲಕ್ಕ, ಇನ್ನೊಂದ್ಯಾಕೆ ಅಂತ ಡಿಲೀಟ್ ಮಾಡ್ದೆ."

"ಪೇಜಲ್ಲಿರೋದು ಫೋಟೋ ಅಲ್ಲ ಕಣೋ, ಅದು ಲ್ಯಾಪ್‌ಟಾಪಲ್ಲಿ ಎಲ್ಲಿದೆ ಅನ್ನೋ ವಿಳಾಸ ಅಷ್ಟೇ!"

ಶಿಡ್ಲಘಟ್ಟದ ಕಂಪ್ಯೂಟರ್ ಅಂಗಡಿಯವರೂ ಕೈಚೆಲ್ಲಿದರು.

ಸಂಜೆ ಅಪ್ಪ ಕನ್ನಡಕ ಹಾಕ್ಕೊಂಡು ಬಂದು ನೋಡಿದರು. ಫೋಟೋ ಬರದಿದ್ರೆ ಕಾಣಲಿ ಅಂತ ನಾನೇ ಬರೆದಿದ್ದ ಸಾಲು ಆ ಚೌಕದಲ್ಲಿತ್ತು: "ಅಮ್ಮ ನಗ್ತಿದ್ದಾಳೆ."

ಅಪ್ಪ ಅದನ್ನ ಓದಿ, ಚೌಕವನ್ನೇ ಇನ್ನೊಂದ್ಸಲ ನೋಡಿ ಕೇಳಿದರು: "ಎಲ್ಲಿ ಕಣಮ್ಮಾ?"