ಮಾಲಕನಿಲ್ಲದ ಜಾಲದಲ್ಲಿ ಅವ್ವನ ಗೆಳತಿ

ಚಿಕ್ಕೋಡಿಯಲ್ಲಿ ಶಿಕ್ಷಕಿಯಾಗಿದ್ದ ದಿನಗಳಲ್ಲಿ ನಾನು ಹಳೆಯ ಫೋಟೋಗಳದೊಂದು ಗುಂಪು ನಡೆಸುತ್ತಿದ್ದೆ. ಎಲ್ಲರ ಮೊಬೈಲಿನಲ್ಲೂ ಇರುವ ದೊಡ್ಡ ಕಂಪನಿಯ ಜಾಲತಾಣದಲ್ಲಿ. ಅಥಣಿ, ರಾಯಬಾಗದ ಮಂದಿ ಮದುವೆಯ, ಶಾಲೆಯ ಫೋಟೋ ಹಾಕುತ್ತಿದ್ದರು. ಮುಂಜಾನೆ ಹಾಕಿದರೆ ಸಂಜೆಯ ಚಹಾದ ಹೊತ್ತಿಗೆ ಕನ್ನಡದಲ್ಲೊಬ್ಬರು, ಮರಾಠಿಯಲ್ಲೊಬ್ಬರು ಗುರುತು ಹಿಡಿದು, ಬಲಕ್ಕೆ ನಿಂತವಳು ನಮ್ಮತ್ತೆ ಎಂದು ಬರೆದಿರುತ್ತಿದ್ದರು. ಆ ಗದ್ದಲ ಎಷ್ಟು ಚಂದವಿತ್ತು.

ಆಮೇಲೆ ಜಾಹೀರಾತುಗಳು ವಿಪರೀತವಾದವು. ಯಾರದೋ ತೀರಿಹೋದ ಅಜ್ಜಿಯ ಫೋಟೋದ ಕೆಳಗೇ ತೂಕ ಇಳಿಸುವ ಪುಡಿ ಬಂದಾಗ ಬೇಸರವಾಯಿತು. ನಮ್ಮ ಶಾಲೆಯ ಗಣಿತದ ಸರ್ ಬೇರೊಂದು ಜಾಲ ತೋರಿಸಿದರು. ಅದು ಒಂದು ಕಂಪನಿಯದಲ್ಲ. ಆಸಕ್ತರು ತಂತಮ್ಮ ಸರ್ವರ್ ಇಟ್ಟುಕೊಂಡು ಒಂದಕ್ಕೊಂದು ಜೋಡಿಸಿದ್ದು.

"ಇದಕ್ಕ ಮಾಲಕನ ಇಲ್ರಿ ಟೀಚರ್. ನಮ್ಮ ಫೋಟೋ ಯಾರೂ ಮಾರಂಗಿಲ್ಲ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ನಾನು ಹಳೆಯ ಗುಂಪು ಮುಚ್ಚಿ ಎಲ್ಲರನ್ನೂ ಅಲ್ಲಿಗೆ ಕರೆದೆ. ಆದರೆ ಯಾವ ಸರ್ವರ್ ಸೇರುತ್ತೀರಿ ಎಂಬ ಮೊದಲ ಪ್ರಶ್ನೆಗೇ ಹೆಚ್ಚಿನವರು ನಿಂತುಬಿಟ್ಟರು. ಅಂಕಲಿಯ ಕೆಲವರು ಬೇರೆ ಸರ್ವರ್ ಸೇರಿದರು. ಹೆಸರು ಹಾಕಿ ಹುಡುಕಿದರೂ ನನಗೆ ಸಿಗಲಿಲ್ಲ. ನೂರಾರು ಮಂದಿಯಲ್ಲಿ ಉಳಿದವರು ಹತ್ತಿಪ್ಪತ್ತು.

ಅಲ್ಲಿಯೇ ನಾನು ಅವ್ವನ ಫೋಟೋ ಹಾಕಿದ್ದು. ನಿಪ್ಪಾಣಿಯ ತಂಬಾಕಿನ ವಖಾರಿಯ, ಅಂದರೆ ಗೋದಾಮಿನ, ಮುಂದೆ ಅವ್ವ, ಪಕ್ಕದಲ್ಲಿ ಭೋಜ ಎಂಬ ಊರಿನ ಗೆಳತಿ. ಇಬ್ಬರೂ ಅಲ್ಲಿ ಎಲೆ ಆರಿಸುತ್ತಿದ್ದರು. ಅವ್ವನಿಗೆ ಮರಾಠಿ ಕಲಿಸಿದವಳು ಆಕೆಯೇ. ಮದುವೆಯಾಗಿ ಹೋದ ಮೇಲೆ ಸುದ್ದಿ ಇರಲಿಲ್ಲ. ಫೋಟೋ ಹಾಕಿದೆನೆಂದು ಗೊತ್ತಾದಾಗಿನಿಂದ ಅವ್ವ ವಾರಕ್ಕೊಮ್ಮೆ ಕೇಳುತ್ತಿದ್ದಳು: "ಯಾರರ ಗುರುತ ಹಿಡದ್ರೇನ?"

ಇಲ್ಲ ಎನ್ನುತ್ತಿದ್ದೆ. ಹೀಗೆ ಒಂದು ವರ್ಷ ಕಳೆಯಿತು.

ಒಂದು ದಿನ, ನಾವೆಂದೂ ಮುಖ ಕಾಣದ, ನಮ್ಮ ಸರ್ವರ್ ನಡೆಸುತ್ತಿದ್ದವರು, ನನ್ನೊಬ್ಬನಿಂದ ಇನ್ನು ನಡೆಸಲಾಗುವುದಿಲ್ಲ, ಮುಚ್ಚುತ್ತೇನೆ ಎಂದು ಬರೆದರು. ನಮ್ಮ ಪರಿಚಯದವರ ಪಟ್ಟಿಯನ್ನು ಬೇರೆ ಸರ್ವರಿಗೆ ಒಯ್ಯಬಹುದಿತ್ತು. ಫೋಟೋ, ಬರೆದ ಮಾತುಗಳು ಬರುತ್ತಿರಲಿಲ್ಲ. ನಾಚಿಕೆಯಿಂದಲೇ ಹಳೆಯ ಗುಂಪಿನ ಬಾಗಿಲು ತೆರೆದು ಅದೇ ಫೋಟೋ ಹಾಕಿದೆ.

ಸಂಜೆಯೊಳಗೆ ಕಾಗವಾಡದ ಹೆಣ್ಣುಮಗಳೊಬ್ಬಳು, ಇವರು ನಮ್ಮ ಆಜಿ, ತೀರಿಕೊಂಡು ಎರಡು ತಿಂಗಳಾಯಿತು ಎಂದು ಬರೆದಳು.

ಮುಂದಿನ ಭಾನುವಾರ ಆ ಮೊಮ್ಮಗಳು ಮನೆಗೆ ಬಂದಳು. ಅವ್ವ ಅವಳ ಕೈ ಹಿಡಿದುಕೊಂಡು ಗೆಳತಿಗೆ ಮಕ್ಕಳೆಷ್ಟು, ಕಣ್ಣು ಕಾಣುತ್ತಿತ್ತೇ, ಕೊನೆಗೆ ಏನು ಉಣ್ಣುತ್ತಿದ್ದಳು ಎಂದೆಲ್ಲ ಮರಾಠಿಯಲ್ಲೇ ಕೇಳಿದಳು. ಅಷ್ಟು ಸಲೀಸಾಗಿ ಅವಳು ಮರಾಠಿ ಮಾತಾಡಿದ್ದನ್ನು ನಾನು ಕೇಳಿಯೇ ಎಷ್ಟೋ ವರ್ಷಗಳಾಗಿದ್ದವು.

ಹುಡುಗಿ ಹೋದ ಮೇಲೆ ಅವ್ವ, "ಸ್ವಲ್ಪ ಮೊದಲ ಯಾರರ ಗುರುತ ಹಿಡದಿದ್ರ ಸಿಗತಿದ್ಳೇನೊ" ಅಂದಳು. ಆ ವರ್ಷವಿಡೀ ಫೋಟೋವನ್ನು ಯಾರೂ ಇಲ್ಲದ ಕಡೆ ಹಾಕಿಟ್ಟಿದ್ದೆ ಎಂದು ಅವಳಿಗೆ ನಾನು ಇಂದಿಗೂ ಹೇಳಿಲ್ಲ.