ಶ್ರೀಕಂಠ ಅಂಕಲ್‌ಗೆ ಕಾಣುತ್ತಿದ್ದ ಆಟಗಾರ

ಶ್ರೀಕಂಠ ಅಂಕಲ್ ಸತ್ತವನೊಬ್ಬನ ಬಗ್ಗೆ ಪಕ್ಕದ ಬ್ಲಾಕಿನವನೆಂಬಂತೆ ಮಾತಾಡುತ್ತಿದ್ದರು. ಆತ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಆಟಗಾರ. ಅಂಕಲ್ ಕರೆಯುತ್ತಿದ್ದುದು ‘ನಮ್ಮಾತ’ ಎಂದು. ಇಟ್ಟಿಗೆ ಗೂಡಿನಿಂದ ಬಂದು, ಕೆಲವು ಬೇಸಿಗೆ ಬ್ಯಾಟ್ಸ್‌ಮನ್‌ಗಳನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ ಬೌಲರ್. ಆಮೇಲೆ ಕಣ್ಣು ಮಂದವಾಯಿತು, ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ನೇರ ಕೈಗೆ ಬಂದ ಕ್ಯಾಚು ಎದೆಗೆ ಬಡಿಯಿತು. ಆಟದ ನಡುವೆಯೇ ಮೈದಾನ ಬಿಟ್ಟು ನಡೆದವನು ಮುಂದೇನಾದನೆಂದು ಯಾವ ಪುಸ್ತಕದಲ್ಲೂ ಇಲ್ಲವಂತೆ. “ಹೇಳಿ ಹೋಗಕ್ಕೇನಾಗಿತ್ತು ಅವನಿಗೆ?” ಎಂದು ಅಂಕಲ್ ಸಿಟ್ಟಾಗುತ್ತಿದ್ದರು.

ಬೆಂಗಳೂರಿನ ಹುಡುಗರು ಹಿಂಡುಹಿಂಡಾಗಿ ಸಿಂಗಪುರಕ್ಕೆ ಬಂದಿಳಿಯುತ್ತಿದ್ದ ವರ್ಷಗಳವು. ಅಲ್ಲಿನ ಹೌಗಾಂಗ್ ಬಡಾವಣೆಯ ನಮ್ಮ ಕನ್ನಡ ತಂಡಕ್ಕೆ ನಾನು ಕ್ಯಾಪ್ಟನ್. ಗಣಿತದ ಮೇಷ್ಟರಾಗಿ ನಿವೃತ್ತರಾಗಿದ್ದ ಅಂಕಲ್ ಭಾನುವಾರದ ಅಂಪೈರ್. ಈ ಊರಿನ ಸೆಕೆಯಲ್ಲೂ ಬಿಳಿ ಕೋಟಿನ ಒಂದು ಗುಂಡಿಯನ್ನೂ ಬಿಚ್ಚಿದವರಲ್ಲ. ಯಾರಾದರೂ ಗೊಣಗಿದರೆ ಒಂದೇ ಉತ್ತರ: “ಕಂಡ್ರೆ ಔಟ್, ಕಾಣದಿದ್ರೆ ನಾಟ್ ಔಟ್. ಅಷ್ಟೇ ಕಣಪ್ಪಾ.”

ಬರಬರುತ್ತ ಅವರ ಬೆರಳು ಮೇಲೇಳುವುದೇ ನಿಂತುಹೋಯಿತು. ಮೊದಮೊದಲು ಬ್ಯಾಟ್ ಹಿಡಿದವರಿಗೆಲ್ಲ ಹಬ್ಬ. ಒಂದು ಭಾನುವಾರ ರನ್ನಿಗೆ ಓಡಿದ ನಮ್ಮ ಹುಡುಗ ಗೆರೆಯಿಂದ ಗಜ ದೂರದಲ್ಲಿರುವಾಗಲೇ ವಿಕೆಟ್ ಉರುಳಿತು. ಬೌಂಡರಿಯಾಚೆ ಕೂತ ನನಗೂ ಕಂಡಿತು. ಅಂಕಲ್ ನಾಟ್ ಔಟ್ ಎಂದರು. ಗಲಾಟೆ ತಣ್ಣಗಾದ ಮೇಲೆ ನೀರು ಕೊಡಲು ಹೋದೆ. ಅವರ ನೋಟ ಯಾರೂ ನಿಂತಿರದ ಒಂದು ಮೂಲೆಯಲ್ಲಿತ್ತು.

“ನಮ್ಮಾತ ಬಂದಿದಾನೆ. ಚೆಂಡು ಕಾಣಲ್ಲ ಕಣೋ, ಅವನು ಮಾತ್ರ ಚೆನ್ನಾಗಿ ಕಾಣ್ತಾನೆ.”

ಮಟಮಟ ಮಧ್ಯಾಹ್ನದಲ್ಲಿ ನನ್ನ ಮೈ ಜುಮ್ಮೆಂದಿತು.

ಬೇರೆ ಅಂಪೈರ್ ಇಲ್ಲದಿದ್ದರೆ ಆಡುವುದಿಲ್ಲವೆಂದು ಎದುರು ತಂಡದವರು ಕಡ್ಡಿ ಮುರಿದ ಹಾಗೆ ಹೇಳಿದರು. ಆ ಕೋಟು ಕಳಚಿದರೆ ಅಂಕಲ್‌ಗೆ ವಾರದಲ್ಲಿ ಇನ್ನೇನೂ ಉಳಿಯುತ್ತಿರಲಿಲ್ಲ. ಆದರೂ ಅವರ ಮನೆಗೆ ಹೋದೆ. ಆಂಟಿ ಕೊಟ್ಟ ಕಾಫಿ ಕುಡಿಯುತ್ತ ಆಫೀಸು, ಬಾಡಿಗೆ ಎಂದು ಸುತ್ತಿ ಬಳಸಿ ಮಾತಾಡಿದೆ. ಅವರೇ ತಡೆದರು.

“ಯಾಕೋ ಮುಚ್ಚಿಟ್ಟೆ ಅಂತ ಅವನನ್ನ ಇಷ್ಟು ವರ್ಷ ಬೈದೆ. ನಾನೂ ಅದನ್ನೇ ಮಾಡ್ದೆ ನೋಡು. ಮುಂದಿನ ವಾರದಿಂದ ನನ್ನ ಕರೀಬೇಡ.”

ನಾನು ಕಾಫಿ ಲೋಟ ಕೆಳಗಿಟ್ಟು ಎದ್ದೆ.

ಲಿಫ್ಟಿನ ತನಕ ಗೋಡೆ ಹಿಡಿದುಕೊಂಡು ಬಂದರು. ನಾನು ಅವರನ್ನು ಕಂಡದ್ದು ಅದೇ ಕೊನೆ; ಮರುವರ್ಷ ತೀರಿಕೊಂಡರು. ಅಂದು ನಾನು ಲಿಫ್ಟಿನೊಳಗೆ ನಿಂತ ಮೇಲೂ ಬಾಗಿಲು ಮುಚ್ಚಲು ಬಿಡದೆ ಅಡ್ಡ ಕೈ ಹಿಡಿದು, ತಮ್ಮ ಪಕ್ಕದ ಖಾಲಿ ಜಾಗಕ್ಕೆ ಮೆಲ್ಲಗೆ ಹೇಳಿದರು: “ನೀನೂ ಹೊರಡಯ್ಯಾ. ಇನ್ನು ಆಟ ಇಲ್ಲ.”

ಕೆಳಗಿಳಿಯುವವರೆಗೂ ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ.