ಗಿಳಿಗಾಗಿ ನೈಟಿ ತೊಟ್ಟವರು

ನಮ್ಮನೆಯವರ ಕವಣೆ ಕಲ್ಲು ಜೀವಮಾನದಲ್ಲಿ ಒಂದೇ ಒಂದು ಸಲ ಗಿಳಿಗೆ ತಗುಲಿದೆ. ಅದೂ ಅವರು ಬೇರೆ ಕಡೆ ನೋಡುತ್ತಿದ್ದಾಗ.

ಮೆಕ್ಕೆಜೋಳ ಹಾಲು ತುಂಬುವ ಹೊತ್ತಿಗೆ ಗಿಳಿಗಳ ಹಿಂಡು ನಮ್ಮ ಹೊಲಕ್ಕೆ ಬೀಗರ ಹಾಗೆ ಬಂದಿಳಿಯುತ್ತದೆ. ತಿನ್ನುವುದಕ್ಕಿಂತ ಸುಲಿದು ಬಿಸಾಡುವುದೇ ಹೆಚ್ಚು. ಇವರು ಡಬ್ಬ ಬಡಿದು, ಬೈದು, ಕವಣೆ ಬೀಸಿ ಅವುಗಳನ್ನು ಪಕ್ಕದ ಹೊಲಕ್ಕೆ ಓಡಿಸುತ್ತಾರೆ. ಪಕ್ಕದವರು ಅದಕ್ಕಿಂತ ದೊಡ್ಡ ದನಿಯಲ್ಲಿ ಬೈದು ನಮ್ಮ ಹೊಲಕ್ಕೇ ವಾಪಸು ಕಳಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿಕೊಂಡ ಗೌರವಸ್ಥರೆಲ್ಲ ಇಡೀ ದಿನ ಮಾಡುವ ಘನಕಾರ್ಯ ಇದು.

ಆ ದಿನ ಇವರು ಟವಲಿನಲ್ಲಿ ಏನನ್ನೋ ಸುತ್ತಿಕೊಂಡು ಮನೆಗೆ ಬಂದರು. ನಾನು ಹಲಸಿನ ತೊಳೆ ಇರಬೇಕೆಂದು ಆಸೆಯಿಂದ ಕೈ ಹಾಕಿದೆ. ಬೆರಳಿಗೆ ಕೊಕ್ಕು ಸಿಕ್ಕಿತು. ಕೊರಳಲ್ಲಿ ಗುಲಾಬಿ ಪಟ್ಟಿಯಿದ್ದ ಗಂಡು ಗಿಳಿ, ಒಂದು ರೆಕ್ಕೆ ಜೋತುಬಿದ್ದಿತ್ತು.

"ಹೊಡೀಬೇಕು ಅಂತ ಹೊಡದಿಲ್ಲ ನಾನು" ಎಂದು ಇವರು ಹೇಳಿದ್ದು ನನಗಲ್ಲ, ಗಿಳಿಗೆ.

ಶಿರಾಳಕೊಪ್ಪದ ದನದ ಡಾಕ್ಟರು ರೆಕ್ಕೆಗೆ ಪಟ್ಟಿ ಕಟ್ಟಿದರು. "ಗಿಳಿ ಸಾಕೋದು ಕಾನೂನಿಗೆ ವಿರುದ್ಧ ರೀ. ರೆಕ್ಕೆ ಕೂಡಿದ ಮೇಲೆ ಬಿಟ್ಟುಬಿಡ್ರಿ" ಎಂದೂ ಹೇಳಿದರು. ಅಂದಿನಿಂದ ಯಾರು ಪಂಜರ ನೋಡಿ ಹುಬ್ಬೇರಿಸಿದರೂ ಇವರದು ಒಂದೇ ಉತ್ತರ. "ಸಾಕಾಕತ್ತಿಲ್ಲ, ಆಸ್ಪತ್ರಿ ಇಟ್ಟೀನಿ."

ಆದರೆ ಆಸ್ಪತ್ರೆ ಇಟ್ಟವರಿಗೆ ಒಂದು ಹುಚ್ಚು ಹಿಡಿಯಿತು. "ಹಾರಿಹೋಗೋದ್ರೊಳಗ ಒಮ್ಮೆರೆ ನನ್ನ ಕೈಯಾಗಿಂದ ತಿನ್ನಬೇಕಲೇ. ಇಲ್ಲಾಂದ್ರ ಹೊಡದಾಂವ ಅಂತನ ನೆನಪಿಟ್ಟುಕೊಂಡು ಹೊಕ್ಕೈತಿ" ಎಂದು ನನ್ನ ಮುಂದೆ ಹೇಳಿಕೊಂಡರು. ಹೇಳುವಾಗ ಮುಖ ಸಣ್ಣದಾಗಿತ್ತು. ಬ್ಯಾಂಕಿನವರ ಮುಂದೆಯೂ ಆಗದ ಮುಖ ಅದು.

ಗಿಳಿಗೆ ಇವರ ಪಶ್ಚಾತ್ತಾಪದ ಗೊಡವೆಯೇ ಇರಲಿಲ್ಲ. ಪೇರಲೆ ಹಿಡಿದರೆ ಪೇರಲೆ ಬಿಟ್ಟು ಬೆರಳು ಕಚ್ಚುತ್ತಿತ್ತು. ಶೇಂಗಾ ಹಿಡಿದರೆ ಉಗುರಿನ ಬುಡಕ್ಕೇ ಬಾಯಿ ಹಾಕುತ್ತಿತ್ತು. ಇವರು ಮಾತ್ರ ಬೆಳಿಗ್ಗೆ ಸಂಜೆ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೆಣ್ಣೆಯಂಥ ದನಿಯಲ್ಲಿ "ಊಟ ಆತೇನಪ್ಪಾ?" ಎಂದು ಕೇಳುತ್ತಿದ್ದರು.

ನನಗೆ ಹೊಟ್ಟೆ ಉರಿಯಿತು. ನಾನು ಕ್ಯಾಸನೂರಿನ ಕಡೆಯಿಂದ ಬಂದವಳು. ನಮ್ಮ ಸೊರಬದ ಕಡೆ ಸೈಕಲ್ ಮೇಲೆ ಹೋಗುವ ಅಪರಿಚಿತನೂ ಒಂದು ಕಾಲು ಕೆಳಗಿಟ್ಟು "ಊಟ ಆಯ್ತಾ" ಎಂದು ಕೇಳಿ ಮುಂದೆ ಹೋಗುತ್ತಾನೆ. ಈ ಮನೆಗೆ ಬಂದ ಮೇಲೆ ನನ್ನ ಗಂಡ ಆ ಮಾತನ್ನು ನನ್ನನ್ನು ಒಂದು ಸಲವೂ ಕೇಳಿದ್ದಿಲ್ಲ. ಬಾಯಿಯೇ ಬರದವರು ಎಂದು ಸುಮ್ಮನಿದ್ದೆ. ಈಗ ನೋಡಿದರೆ ಬಾಯಿ ಚೆನ್ನಾಗಿಯೇ ಬರುತ್ತಿತ್ತು, ಕೇಳಿಸಿಕೊಳ್ಳುವವರಿಗೆ ರೆಕ್ಕೆ ಇರಬೇಕಿತ್ತು, ಅಷ್ಟೇ. ಗಿಳಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಹಾಗಾಗಿ ಅದಕ್ಕೆ ನಾನು ಒಂದು ಕಾಳನ್ನೂ ಪ್ರೀತಿಯಿಂದ ಹಾಕಿದವಳಲ್ಲ. ಆದರೂ ಆ ಮೂರ್ಖಗಿಳಿ ಒಲಿದದ್ದು ನನಗೆ. ಮನೆಯಲ್ಲೇ ಬ್ಲೌಸು, ನೈಟಿ ಹೊಲಿಯುವುದು ನನ್ನ ಕೆಲಸ. ಮಷೀನಿನ ಸದ್ದು ಶುರುವಾದರೆ ಪಂಜರದ ಬಾಗಿಲನ್ನು ತಾನೇ ಎತ್ತಿ, ನೆಲದ ಮೇಲೆ ಠಾಕುಠೀಕಾಗಿ ನಡೆದು ಬಂದು, ನನ್ನ ಸೀರೆ ಹಿಡಿದು ಮೇಲೆ ಹತ್ತುತ್ತಿತ್ತು. ಬ್ಲೌಸಿನ ಹುಕ್ಕುಗಳನ್ನು ಒಂದೊಂದಾಗಿ ಕೆಳಗೆ ಬೀಳಿಸಿ, ಬಿದ್ದ ಸದ್ದಿಗೆ ಕಿವಿಗೊಡುತ್ತಿತ್ತು. ಶಿರಾಳಕೊಪ್ಪದ ಹುಡುಗಿಯೊಬ್ಬಳ ನಿಕಾಹದ ಬಟ್ಟೆಯ ಅಂಚನ್ನು ಅಚ್ಚುಕಟ್ಟಾಗಿ ಕತ್ತರಿಸಿ ಬಾಲಕ್ಕೆ ಸಿಕ್ಕಿಸಿಕೊಂಡಿತು. ನಾನು ಬಾಯಿಗೆ ಬಂದಂತೆ ಬೈದೆ. ಅದು ತಲೆ ವಾಲಿಸಿ, ಕಣ್ಣರಳಿಸಿ ಕೇಳಿತು. ನನ್ನ ಬೈಗುಳವನ್ನು ಅಷ್ಟು ಪ್ರೀತಿಯಿಂದ ಯಾರೂ ಕೇಳಿರಲಿಲ್ಲ. ಒಂದು ದಿನ ತಿಂದದ್ದನ್ನೆಲ್ಲ ನನ್ನ ಹೆಬ್ಬೆರಳ ಮೇಲೆ ಕಕ್ಕಿತು. ಗಂಡುಗಿಳಿ ತನ್ನ ಹೆಣ್ಣಿಗೆ ಹೀಗೆ ಉಣಿಸುತ್ತದಂತೆ, ಮಗಳು ಫೋನಿನಲ್ಲಿ ನೋಡಿ ಹೇಳಿದಳು. ನನಗಂತೂ ಆವರೆಗೆ ಯಾರೂ ಉಣಿಸಿರಲಿಲ್ಲ. ಕೈ ತೊಳೆದುಕೊಂಡೆ. ಆದರೆ ತಕ್ಷಣ ತೊಳೆದುಕೊಳ್ಳಲಿಲ್ಲ.

ಇದೆಲ್ಲ ನೋಡಿ ಇವರಿಗೆ ಸಂಕಟ. "ನಾ ಎಷ್ಟು ಮಾಡಿದ್ರೂ ನಿನ್ನ ಕಡಿಗೇ ಬರತೈತಲ್ಲ, ಏನೈತಿ ನಿನ್ನತ್ರ?"

"ಅದಕ್ಕೆ ನನ್ನ ಕಂಡ್ರೆ ಆಗುತ್ತೆ. ನೀವೂ ನಾನಾಗಿ, ನೋಡುವಾ" ಎಂದು ಅಣಕಿಸಿದೆ. ಅಣಕವನ್ನು ಸಲಹೆ ಎಂದುಕೊಳ್ಳುವ ಗಂಡಸು ಎಂಬುದು ಆಗ ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಒಳಗೆ ಮಷೀನಿನ ಸದ್ದು. ನಾನು ಇಲ್ಲಿದ್ದೇನೆ, ಅಲ್ಲಿ ತುಳಿಯುವವರು ಯಾರು ಎಂದು ಅಡುಗೆಮನೆಯ ಬಾಗಿಲಿನಿಂದ ಇಣುಕಿದೆ. ನನ್ನ ಹೂವಿನ ನೈಟಿ ತೊಟ್ಟು, ಬೋಳುತಲೆ ಕಾಣದಂತೆ ಮಗಳ ವೇಲನ್ನು ಹೊದ್ದು, ಹಸಿಮೆಣಸಿನಕಾಯಿ ಹಿಡಿದ ಕೈ ಚಾಚಿ ನನ್ನ ಗಂಡ ಸ್ಟೂಲಿನ ಮೇಲೆ ಕುಳಿತಿದ್ದರು. ಮೀಸೆ ಮತ್ತು ಮೊಣಕಾಲಿನ ಕೆಳಗಿನ ರೋಮ ಮಾತ್ರ ತಮ್ಮ ಗಂಡಸುತನ ಬಿಟ್ಟಿರಲಿಲ್ಲ. ಗಿಳಿ ಎದುರಿಗೆ ನಿಂತು ದಿಟ್ಟಿಸುತ್ತಿತ್ತು.

ಸರಿಯಾಗಿ ಅದೇ ಹೊತ್ತಿಗೆ ಆನವಟ್ಟಿಯಿಂದ ಇವರ ಸೋದರತ್ತೆ ಮೊಮ್ಮಗನ ಮದುವೆಗೆ ಕರೆಯಲು ಬಂದರು. ಎರಡು ಕಣ್ಣಿಗೂ ಪೊರೆ ಬಂದ ಮುದುಕಿ. ಕರೆದುಕೊಂಡು ಬಂದ ಮಗ ಬೈಕ್ ನಿಲ್ಲಿಸಿ ಅಲ್ಲೇ ಫೋನಿನಲ್ಲಿ ಮಾತಾಡುತ್ತಿದ್ದ. ಅತ್ತೆ ಕುಂಕುಮದ ಭರಣಿ ಹಿಡಿದು ಸೀದಾ ಒಳಗೆ ಬಂದೇಬಿಟ್ಟರು.

"ಹೊಲಿಗಿ ನಡದೈತೇನವ್ವಾ? ಏಳಬ್ಯಾಡ, ಕುಂದುರು" ಎಂದವರೇ ಇವರ ಗದ್ದ ಹಿಡಿದೆತ್ತಿ, ವಿಭೂತಿಯ ಮೇಲೆಯೇ ದೊಡ್ಡದಾಗಿ ಕುಂಕುಮ ಇಟ್ಟರು. ಮನೆಯ ಹೆಣ್ಣುಮಗಳಿಗೆ ಮೊದಲು ಕುಂಕುಮ, ಆಮೇಲೆ ಕಾರ್ಡು. ಪದ್ಧತಿಯಲ್ಲಿ ಅತ್ತೆ ಎಂದೂ ತಪ್ಪಿದವರಲ್ಲ.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ಗಂಡನ್ನೂ ಕರಕೊಂಡು ಬಾರವ್ವಾ. ಹೆಂಗೈತಿ ಅವನ ಸಿಟ್ಟು, ಕಮ್ಮಿ ಆಗೈತೇನು?"

ಇವರು ತಲೆ ಅಲ್ಲಾಡಿಸಿದರು. ಹೌದೋ ಅಲ್ಲವೋ ತಿಳಿಯಲಿಲ್ಲ. ಅತ್ತೆ ಸಮಾಧಾನದಿಂದ ಬೆನ್ನು ಸವರಿ ಹೊರಟರು. ಅಷ್ಟರಲ್ಲಿ ಗಿಳಿ ನೈಟಿಯ ಗುಂಡಿಗಳನ್ನು ಹಿಡಿದು ಮೇಲೆ ಹತ್ತಿ ಹೆಗಲ ಮೇಲೆ ಕುಳಿತಿತ್ತು. ಭಯಕ್ಕೆ ಕಂಬದಂತಾದ ಮನುಷ್ಯನನ್ನು ಅದು ಮೊದಲ ಬಾರಿ ನಂಬಿತ್ತು. ಆದರೆ ಮೆಣಸಿನಕಾಯಿ ಮುಟ್ಟಲಿಲ್ಲ.

"ಹೆಗಲ ಮ್ಯಾಲೆ ಕುಂತಿತ್ತಲ್ಲ, ಸಾಕು ಬಿಡ್ರಿ" ಎಂದು ಇವರ ಮಾತಿನಲ್ಲೇ ಸಮಾಧಾನ ಹೇಳಿದೆ.

"ನೈಟಿಗೆ ಕುಂತಿದ್ದು ಲೆಕ್ಕಕ್ಕಿಲ್ಲ" ಎಂದರು, ಹಣೆಯ ತುಂಬ ಕುಂಕುಮ ಇಟ್ಟುಕೊಂಡು.

ಮದುವೆಮನೆಯಲ್ಲಿ ಅತ್ತೆ ನನ್ನ ಮುಖವನ್ನು ಎಲ್ಲರೆದುರೇ ಸವರಿ ನೋಡಿ, "ಮೀಸಿ ಹೋಗ್ಯಾವಲ್ಲ, ಚಲೋ ಆತು ಬಿಡವ್ವಾ" ಎಂದರು. ಇವರು ಪಾಯಸದ ಎಲೆಯಿಂದ ತಲೆಯೆತ್ತಲಿಲ್ಲ.

ಗಿಳಿ ಮಷೀನಿನಿಂದ ಜಂತಿಗೆ, ಜಂತಿಯಿಂದ ಕ್ಯಾಲೆಂಡರಿಗೆ ಹಾರತೊಡಗಿದಾಗ ಇನ್ನು ನೆಪ ಉಳಿಯಲಿಲ್ಲ. ಒಂದು ಬೆಳಿಗ್ಗೆ ಇವರು ಪಂಜರವನ್ನು ಅಂಗಳಕ್ಕೆ ತಂದಿಟ್ಟರು. "ನೀ ಒಳಗ ಹೋಗು. ನೀ ಇದ್ರ ನಿನ್ನ ಕಡಿಗೇ ಬರತೈತಿ" ಎಂದು ನನ್ನನ್ನು ಓಡಿಸಿದರು. ಕಿಟಕಿಯಲ್ಲಿ ನಿಂತೆ. ಪಂಚೆ, ಬನಿಯನ್ನು, ಬೋಳುತಲೆ. ಈ ಸಲ ಯಾವ ವೇಷವೂ ಇಲ್ಲ. ಬಾಗಿಲು ತೆರೆದು ಮೆಣಸಿನಕಾಯಿ ಇಟ್ಟುಕೊಂಡ ಅಂಗೈ ಚಾಚಿದರು.

ಗಿಳಿ ಹೊರಬಂದು ಅವರ ಮಣಿಕಟ್ಟು ಹತ್ತಿತು. ಮೊದಲು ಬೆರಳನ್ನು ಕಚ್ಚಿತು, ರಕ್ತ ಬರುವ ಹಾಗೆ. ಇವರು ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಮೆಣಸಿನಕಾಯಿಯನ್ನು ಒಂದು ಕಾಲಲ್ಲಿ ಎತ್ತಿ, ಅವರ ಕೈಮೇಲೆಯೇ ನಿಂತು ಒಂದು ತುಂಡು ತಿಂದು, ಉಳಿದದ್ದನ್ನು ಬಿಸಾಡಿ, ತೆನೆ ಮುರಿದು ಖಾಲಿಯಾಗಿದ್ದ ಹೊಲದ ಮೇಲಿಂದ ಹಾರಿಹೋಯಿತು. ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ.

"ತಿಂತಲೇ! ತಿಂತು!" ಎಂದು ಇವರು ಕೂಗಿದರು. ಕಣ್ಣು ಒರೆಸಿಕೊಂಡು "ಮೆಣಸಿನಕಾಯಿ ಖಾರ" ಎಂದರು. ತಿಂದದ್ದು ಗಿಳಿ. ಒಳಗೆ ನನ್ನ ಕಣ್ಣಲ್ಲೂ ನೀರು, ಸುಳ್ಳು ಯಾಕೆ ಹೇಳಲಿ.

ಸಂಜೆ ಹೊಲದಿಂದ ಬಂದು ಕಾಲು ತೊಳೆದು, ರೂಢಿಯಂತೆ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಊಟ ಆತೇನ…" ಎಂದು ಅರ್ಧಕ್ಕೇ ನಿಲ್ಲಿಸಿದರು. ಪಂಜರದಲ್ಲಿ ಅರ್ಧ ತಿಂದ ಪೇರಲೆ ಬಿಟ್ಟರೆ ಏನೂ ಇರಲಿಲ್ಲ.

ನಾನು ಒಲೆಯ ಮುಂದಿನಿಂದಲೇ ಹೇಳಿದೆ: "ಇಲ್ಲ, ನಂದಿನ್ನೂ ಆಗಿಲ್ಲ."

ಹೊರಗೆ ಪಂಜರದ ಬಾಗಿಲು ಮುಚ್ಚಿದ ಸದ್ದಾಯಿತು. ಆಡಬಾರದಿತ್ತೇನೋ ಎನ್ನಿಸಿತು. ಆಮೇಲೆ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತರು. ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯಲ್ಲಿ ಒಂದು ತುಂಡು ಮುರಿದು, ಪಲ್ಯೆ ಹಚ್ಚಿ, ಬಟ್ಟೆ ಸುತ್ತಿದ ಬೆರಳಿನ ಅದೇ ಅಂಗೈ ಮೇಲಿಟ್ಟು ನನ್ನ ಬಾಯಿಯ ಹತ್ತಿರ ಚಾಚಿದರು.

"ಕಚ್ಚಬ್ಯಾಡ ಮತ್ತ" ಎಂದರು.

ಸ್ವಲ್ಪ ಕಚ್ಚಿದೆ.